ಅಕಾರ್ಡಿಯನ್ ಕೊಳ್ಳುವ ಮುಂಚೆ, ಯಾವ ಸಂಗೀತ ಅಂತ ಹೇಳಿ

ಪ್ರಶ್ನೆ: ಎಂಟು ವರ್ಷದಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಈಗ ಅಕಾರ್ಡಿಯನ್ ಮೇಲೆ ಮನಸ್ಸಾಗಿದೆ. 120 ಬೇಸ್‌ನ ಹಳೆಯ ಪಿಯಾನೊ ಅಕಾರ್ಡಿಯನ್ ಒಂದು ಮಾರಾಟಕ್ಕಿದೆ: ಬಲಗೈಗೆ ಪಿಯಾನೊ ಕೀ, ಎಡಗೈಗೆ 120 ಗುಂಡಿ. ಆದರೆ ಪ್ಯಾರಿಸ್ಸಿನ ವಾಲ್ಟ್ಸ್, ಅರ್ಜೆಂಟೀನಾದ ಟ್ಯಾಂಗೊ, ಕೊಲಂಬಿಯಾದ ಹಾಡು, ಐರ್ಲೆಂಡಿನ ಕುಣಿತದ ಮಟ್ಟು ಎಲ್ಲ ಕೇಳಿದ ಮೇಲೆ, ಇದೆಲ್ಲ ಒಂದೇ ವಾದ್ಯವಾ ಅಂತ ಅನುಮಾನ ಬಂದಿದೆ. ಒಂದು ಪೆಟ್ಟಿಗೆಯಲ್ಲಿ ಎಲ್ಲವನ್ನೂ ನುಡಿಸಬಹುದಾ? ಇಷ್ಟೊಂದು ಬಗೆಯ ಸಂಗೀತಗಳಲ್ಲಿ ಅದು ಮಾಡುವ ಕೆಲಸವಾದರೂ ಏನು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅಕಾರ್ಡಿಯನ್ ಅನ್ನುವುದು ಒಂದು ವಾದ್ಯದ ಹೆಸರಲ್ಲ, ಒಂದು ಮನೆತನದ ಹೆಸರು. ಅಣ್ಣ ತಮ್ಮಂದಿರು ನೋಡಲು ಒಂದೇ ತರ. ಆದರೆ ಒಬ್ಬನಿಗೆ ಬರುವ ಕೆಲಸ ಇನ್ನೊಬ್ಬನಿಗೆ ಬರುವುದಿಲ್ಲ. ನಾನು ಶುರುಮಾಡಿದಾಗ ಇದು ಗೊತ್ತಿರಲಿಲ್ಲ. ಟ್ಯಾಂಗೊ ಕೇಳಿ ಮರುಳಾಗಿ ಪಿಯಾನೊ ಅಕಾರ್ಡಿಯನ್ ಕೊಂಡೆ. ಆ ದನಿ ಯಾಕೆ ಬರುತ್ತಿಲ್ಲ ಅಂತ ಎರಡು ವರ್ಷ ನನ್ನ ಬೆರಳುಗಳನ್ನೇ ಬೈದುಕೊಂಡೆ. ತಪ್ಪು ಬೆರಳಿನದಾಗಿರಲಿಲ್ಲ. ನನ್ನ ಎದೆಯ ಮೇಲಿದ್ದದ್ದು ಬೇರೆಯೇ ವಾದ್ಯ.

ಮೊದಲು ಒಳಗೇನಿದೆ ನೋಡೋಣ. ನಡುವೆ ತಿದಿ, ಎರಡು ಬದಿಗೆ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ರೀಡುಗಳು, ಅಂದರೆ ಲೋಹದ ತಟ್ಟೆಗೆ ಒಂದು ತುದಿಯಲ್ಲಿ ಮಾತ್ರ ಬಿಗಿದಿರುವ ತೆಳು ಉಕ್ಕಿನ ನಾಲಿಗೆಗಳು. ಗಾಳಿ ನುಗ್ಗಿದರೆ ನಾಲಿಗೆ ಅದುರುತ್ತದೆ, ಸ್ವರ ಬರುತ್ತದೆ. ಹಾರ್ಮೋನಿಯಂ ಮತ್ತು ಮೌತ್ ಆರ್ಗನ್ ಒಳಗೂ ಇದೇ ಉಪಾಯ. ಚೀನಾದ ಶೆಂಗ್ ಅನ್ನುವ ಬಾಯಿವಾದ್ಯದಲ್ಲಿ ಇದು ಸಾವಿರಾರು ವರ್ಷಗಳಿಂದ ಇತ್ತು. ನಾಲಿಗೆಯ ತುದಿಯಲ್ಲಿ ಸ್ವಲ್ಪ ಅರ ಆಡಿಸಿದರೆ ತುದಿ ಹಗುರಾಗಿ ಶ್ರುತಿ ಏರುತ್ತದೆ, ಬುಡದಲ್ಲಿ ಆಡಿಸಿದರೆ ಇಳಿಯುತ್ತದೆ. ಶ್ರುತಿ ಮಾಡುವ ಕೆಲಸವೆಲ್ಲ ಇಷ್ಟೇ. ಆದರೆ ಇಂಥ ನಾಲಿಗೆಗಳು ನೂರಾರು. ನೀವು ನೋಡಿರುವ ಪೆಟ್ಟಿಗೆಯಲ್ಲಿ ಬಲಗೈಗೆ 41 ಕೀ, ನಾಲ್ಕು ಸಾಲು ರೀಡು ಇದ್ದರೆ, ಒತ್ತುವಾಗ ಒಂದು ಎಳೆಯುವಾಗ ಒಂದು ಅಂತ ಲೆಕ್ಕ ಹಾಕಿ: ಬಲಗಡೆಯಲ್ಲೇ 328 ನಾಲಿಗೆ. ಹಳೇ ಪೆಟ್ಟಿಗೆ ರಿಪೇರಿಗೆ ಕೊಟ್ಟವರು ಬಿಲ್ ನೋಡಿ ಬೆಚ್ಚಿ ಬೀಳುವುದು ಸುಮ್ನೆ ಅಲ್ಲ.

ಈಗ ನಿಜವಾದ ವ್ಯತ್ಯಾಸಕ್ಕೆ ಬರುತ್ತೇನೆ. ಒಂದು ಗುಂಡಿ ಹಿಡಿದುಕೊಂಡು ತಿದಿ ಒತ್ತಿ, ಆಮೇಲೆ ಎಳೆಯಿರಿ. ಎರಡು ಸಲವೂ ಅದೇ ಸ್ವರ ಬಂತಾ, ಬೇರೆ ಬಂತಾ? ಪಿಯಾನೊ ಅಕಾರ್ಡಿಯನ್ನಿನಲ್ಲಿ ಅದೇ ಸ್ವರ. ಡಯಾಟೋನಿಕ್ ಅನ್ನುವ ಚಿಕ್ಕ ಗುಂಡಿ ಪೆಟ್ಟಿಗೆಗಳಲ್ಲಿ ಬೇರೆ ಸ್ವರ, ಮೌತ್ ಆರ್ಗನ್ನಿನಲ್ಲಿ ಊದಿದಾಗ ಒಂದು ಹೀರಿದಾಗ ಒಂದು ಬರುವ ಹಾಗೆ. ಕೇಳಲು ಸಣ್ಣ ವಿಷಯ. ಆದರೆ ಸಂಗೀತದ ನಡಿಗೆಯೇ ಇದರಿಂದ ಬದಲಾಗುತ್ತದೆ. ಎರಡು ಸ್ವರದ ಪೆಟ್ಟಿಗೆಯಲ್ಲಿ ತಿದಿಯ ದಿಕ್ಕು ಕ್ಷಣಕ್ಷಣಕ್ಕೂ ತಿರುಗಬೇಕು. ತಿರುಗಿದಲ್ಲೆಲ್ಲ ಒಂದು ಸಣ್ಣ ಏಟು. ಕುಣಿಯುವವರಿಗೆ ಬೇಕಾದದ್ದು ಅದೇ ಏಟು. ಪಿಯಾನೊ ಅಕಾರ್ಡಿಯನ್ನಿನಲ್ಲಿ ಸ್ವರಗಳು ಜಾರಿಕೊಂಡು ಹೋಗುತ್ತವೆ, ಏಟು ಬೇಕೆಂದರೆ ಬೇಕಂತಲೇ ಹಾಕಬೇಕು.

ಇನ್ನೊಂದು ತಮಾಷೆ ಕೇಳಿ. 1829ರಲ್ಲಿ ವಿಯೆನ್ನಾದಲ್ಲಿ ಸಿರಿಲ್ ಡೆಮಿಯನ್ ಈ ಹೆಸರಿನಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ಮಟ್ಟು ನುಡಿಸುವುದಕ್ಕೆ ಅಂತ ಇದ್ದದ್ದಲ್ಲ. ಒಂದೊಂದು ಕೀ ಒತ್ತಿದರೂ ಇಡೀ ಕಾರ್ಡ್, ಅಂದರೆ ಒಟ್ಟಿಗೆ ಉಲಿಯುವ ಸ್ವರಗಳ ಗುಂಪು, ಬರುತ್ತಿತ್ತು, ಒತ್ತಿದಾಗ ಒಂದು, ಎಳೆದಾಗ ಇನ್ನೊಂದು. ಕಾರ್ಡ್ ಕೊಡುವುದರಿಂದಲೇ ಅಕಾರ್ಡಿಯನ್ ಅಂತ ಹೆಸರು. ಹಾಡುವವರ ಹಿಂದೆ ಜೊತೆಯಾಗಿ ನಿಲ್ಲುವುದು ಅದರ ಹುಟ್ಟುಗುಣ. ಮಟ್ಟು ಆಮೇಲೆ ಬಂದು ಸೇರಿಕೊಂಡಿತು. ಮಟ್ಟು, ಕಾರ್ಡ್, ಬೇಸ್, ತಾಳ ನಾಲ್ಕೂ ಒಬ್ಬನ ಕೈಯಲ್ಲಿ, ಅದೂ ಹೊತ್ತುಕೊಂಡು ಓಡಾಡುವಂಥದ್ದು. ಮೈಕ್ ಇಲ್ಲದ ಕಾಲದಲ್ಲಿ ಕುಣಿತದ ಕೋಣೆ ತುಂಬುವಷ್ಟು ಜೋರು. ನಾಲ್ಕು ಜನರ ಮೇಳಕ್ಕೆ ಕೊಡುವ ದುಡ್ಡಿನಲ್ಲಿ ಒಬ್ಬನೇ ಸಾಕು. ಹಡಗು ಹತ್ತಿ ಲೋಕವೆಲ್ಲ ಸುತ್ತಿದ್ದು ಇದೇ ಕಾರಣಕ್ಕೆ. ಹೋದಲ್ಲೆಲ್ಲ ಅಲ್ಲಿದ್ದ ಯಾವುದೋ ವಾದ್ಯದ ಜಾಗ ಕಿತ್ತುಕೊಂಡಿತು ಅನ್ನುವುದನ್ನೂ ಮುಚ್ಚಿಡುವ ಹಾಗಿಲ್ಲ.

ಪ್ಯಾರಿಸ್ಸಿನ ಕಥೆಯೇ ಹಾಗೆ. ನಿಮ್ಮ ಕಿವಿಯಲ್ಲಿರುವ ಆ ವಾಲ್ಟ್ಸಿನ ಶೈಲಿಗೆ ಮ್ಯೂಸೆಟ್ ಅಂತ ಹೆಸರು. ಮ್ಯೂಸೆಟ್ ಅಂದರೆ ಮೂಲದಲ್ಲಿ ಅಕಾರ್ಡಿಯನ್ ಅಲ್ಲವೇ ಅಲ್ಲ, ಚೀಲವಾದ್ಯ, ಬ್ಯಾಗ್‌ಪೈಪ್! ಓವೆರ್ನ್ ಎಂಬ ಬೆಟ್ಟಸೀಮೆಯಿಂದ ಪ್ಯಾರಿಸ್ಸಿಗೆ ದುಡಿಯಲು ಬಂದವರು ಬಸ್ತೀಯ್ ಹತ್ತಿರದ ರ್‍ಯೂ ದ ಲಾಪ್ ಬೀದಿಯ ಸುತ್ತಮುತ್ತ ತಮ್ಮ ಚೀಲವಾದ್ಯಕ್ಕೆ ಕುಣಿಯುತ್ತಿದ್ದರು. ಅದೇ ಓಣಿಗಳಿಗೆ ಇಟಲಿಯಿಂದ ಬಂದವರ ಕೈಯಲ್ಲಿ ಅಕಾರ್ಡಿಯನ್. 20ನೇ ಶತಮಾನದ ಶುರುವಿನಲ್ಲಿ ಓವೆರ್ನ್‌ನ ಆಂತ್ವಾನ್ ಬೂಸ್ಕಾತೆಲ್ ಚೀಲವಾದ್ಯ ಊದಿದರೆ, ಇಟಲಿಯ ಮನೆತನದ ಶಾರ್ಲ್ ಪೆಗುರಿ ಪಕ್ಕದಲ್ಲಿ ಕೂತು ಅಕಾರ್ಡಿಯನ್ ನುಡಿಸಿದ. ಕೆಲವೇ ವರ್ಷಗಳಲ್ಲಿ ಚೀಲವಾದ್ಯ ಹೊರಗೆ ಹೋಯಿತು, ಅದರ ಹೆಸರು ಮಾತ್ರ ಅಕಾರ್ಡಿಯನ್ನಿಗೆ ಅಂಟಿಕೊಂಡಿತು.

ಆ ದನಿಯ ಗುಟ್ಟು ಶ್ರುತಿಯಲ್ಲಿದೆ. ಒಂದೇ ಸ್ವರಕ್ಕೆ ಎರಡು ಮೂರು ರೀಡು ಒಟ್ಟಿಗೆ ಉಲಿಯುತ್ತವೆ, ಆದರೆ ಅವನ್ನು ಬೇಕಂತಲೇ ಚೂರು ಹೆಚ್ಚುಕಮ್ಮಿ ಇಟ್ಟಿರುತ್ತಾರೆ. ಒಂದು 440 ಹರ್ಟ್ಸ್, ಇನ್ನೊಂದು 443 ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಮೂರು ಸಲ ದನಿ ಅಲೆಯ ಹಾಗೆ ಏರಿಳಿಯುತ್ತದೆ. ಈ ಅಂತರ ಜಾಸ್ತಿಯಾದಷ್ಟೂ ಅಲೆ ಬಿರುಸು. ಹಳೆಯ ಕಾಲದ ಪ್ಯಾರಿಸ್ ಪೆಟ್ಟಿಗೆಗಳಲ್ಲಿ ಬಹಳ ಬಿರುಸಾಗಿರುತ್ತಿತ್ತು. ನನ್ನ ಕಿವಿಗೆ ಅದು ಹತ್ತು ನಿಮಿಷಕ್ಕಿಂತ ಹೆಚ್ಚು ತಡೆಯದು, ಇದು ನನ್ನ ದೌರ್ಬಲ್ಯ ಇರಬಹುದು. ಗುಸ್ ವಿಸ್ಯೂರ್, ಟೋನಿ ಮುರೆನಾ ಅವರಂಥವರು ಇದಕ್ಕೆ ಜಾಜ್ ಬೆರೆಸಿದರು. ನಂತರದ ತಲೆಮಾರಿನಲ್ಲಿ ರಿಶಾರ್ ಗಲ್ಯಾನೊ ಈ ಎರಡರ ನಡುವಿನ ಗೋಡೆಯನ್ನೇ ತೆಗೆದುಹಾಕಿದರು.

ಟ್ಯಾಂಗೊ ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿರುವುದು ಅಕಾರ್ಡಿಯನ್ನೇ ಅಲ್ಲ, ಬ್ಯಾಂಡೋನಿಯನ್. ಜರ್ಮನಿಯ ಕ್ರೆಫೆಲ್ಡಿನ ಹೈನ್ರಿಚ್ ಬ್ಯಾಂಡ್ ಎಂಬ ವಾದ್ಯ ವ್ಯಾಪಾರಿಯ ಹೆಸರು ಅದಕ್ಕೆ ಬಂತು, 1840ರ ದಶಕದಲ್ಲಿ. ಚೌಕಾಕಾರದ ಉದ್ದನೆ ಪೆಟ್ಟಿಗೆ, ಹೆಗಲಿಗೆ ಪಟ್ಟಿ ಇಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಎರಡೂ ಕೈಗೆ ಬಿಡಿ ಸ್ವರಗಳೇ, ಕಾರ್ಡ್ ಗುಂಡಿ ಇಲ್ಲ. ಟ್ಯಾಂಗೊದಲ್ಲಿ ಬಳಸುವ ಮಾದರಿಯಲ್ಲಿ 71 ಗುಂಡಿ. ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು, ಹಾಗಾಗಿ 142. ಗುಂಡಿಗಳ ಜೋಡಣೆಯಲ್ಲಿ ಒಂದು ಕ್ರಮವಾದರೂ ಇದೆಯಾ ಅಂದರೆ, ಇಲ್ಲ. ಕನ್ಸರ್ಟಿನಾ ಎಂಬ ಚಿಕ್ಕ ಗುಂಡಿ ಪೆಟ್ಟಿಗೆಗೆ ಕಾಲಕಾಲಕ್ಕೆ ಸುತ್ತ ಗುಂಡಿ ಸೇರಿಸುತ್ತಾ ಬಂದರು, ಹಳ್ಳಿಮನೆಗೆ ಕೋಣೆ ಕಟ್ಟಿಕೊಂಡು ಹೋದ ಹಾಗೆ. ಕಲಿಯುವವರು ನಾಲ್ಕು ನಕ್ಷೆ ಬಾಯಿಪಾಠ ಮಾಡಬೇಕು: ಬಲಗೈ ಎಳೆತ, ಬಲಗೈ ಒತ್ತು, ಎಡಗೈ ಎಳೆತ, ಎಡಗೈ ಒತ್ತು.

ಜೋಡಿ ರೀಡುಗಳು ಇಲ್ಲೂ ಇವೆ. ಆದರೆ ಒಂದು ಸಪ್ತಕದ ಅಂತರದಲ್ಲಿ, ಕರಾರುವಾಕ್ಕಾದ ಶ್ರುತಿಯಲ್ಲಿ. ಅಲೆಯೇ ಇಲ್ಲ. ಆ ಒಣ, ಚೂಪು, ಅಳುವಂಥ ದನಿ ಬರುವುದು ಇದರಿಂದ. ನನ್ನ ಪಿಯಾನೊ ಅಕಾರ್ಡಿಯನ್ನಿನಲ್ಲಿ ಎರಡು ವರ್ಷ ಹುಡುಕಿದ್ದು ಈ ದನಿಯನ್ನೇ. ಟ್ಯಾಂಗೊ ನುಡಿಸುವವರನ್ನು ಗಮನಿಸಿ ನೋಡಿ. ಮಟ್ಟೆಲ್ಲ ಬಹುಪಾಲು ತಿದಿ ತೆರೆಯುವಾಗಲೇ ನುಡಿಸುತ್ತಾರೆ. ಮಂಡಿಯ ಎರಡು ಬದಿಗೆ ಪೆಟ್ಟಿಗೆಯ ಭಾರ ಬಿಟ್ಟು, ಆಮೇಲೆ ಹೆಬ್ಬೆರಳಿನಿಂದ ಗಾಳಿಯ ಸನ್ನೆ ಒತ್ತಿ ಫಟ್ಟನೆ ಮುಚ್ಚಿಬಿಡುತ್ತಾರೆ. ಟ್ಯಾಂಗೊದ ದೊಡ್ಡ ಹೆಸರಾದ ಆಸ್ಟರ್ ಪಿಯಾಜೊಲಾ ನಿಂತುಕೊಂಡೇ ನುಡಿಸುತ್ತಿದ್ದರು, ಒಂದು ಕಾಲು ಎತ್ತರದ ಮೇಲಿಟ್ಟು. 1954ರಲ್ಲಿ ಅವರು ಪ್ಯಾರಿಸ್ಸಿಗೆ ಹೋದದ್ದು ನಾದಿಯಾ ಬೂಲಾಂಜೆ ಎಂಬ ಗುರುವಿನ ಹತ್ತಿರ ಶಾಸ್ತ್ರೀಯ ರಚನೆ ಕಲಿಯಲು. ತಾನು ಬ್ಯಾಂಡೋನಿಯನ್ ನುಡಿಸುತ್ತೇನೆ ಅಂತ ಹೇಳಿಕೊಳ್ಳಲು ನಾಚಿಕೆಪಟ್ಟಿದ್ದರು. ಆಕೆ ಕೆದಕಿ ಕೇಳಿ, ಒಂದು ಟ್ಯಾಂಗೊ ನುಡಿಸಲು ಹೇಳಿ, ನಿಜವಾದ ಪಿಯಾಜೊಲಾ ಇದು, ಇದನ್ನು ಬಿಡಬೇಡ ಅಂದರು ಎಂದು ಅವರೇ ನೆನೆದಿದ್ದಾರೆ. ಅಕಾರ್ಡಿಯನ್ ಮನೆತನದವರಿಗೆ ಈ ನಾಚಿಕೆ ಮೊದಲಿನಿಂದಲೂ ಇದೆ ನೋಡಿ.

ಈಗ ನನಗೆ ತುಂಬ ಇಷ್ಟವಾದ ಉದಾಹರಣೆ. ಒಂದೇ ಪೆಟ್ಟಿಗೆ, ಎರಡು ಊರು. ಮೂರು ಸಾಲು ಗುಂಡಿಯ, ಎಡಗೈಗೆ 12 ಬೇಸಿನ ಡಯಾಟೋನಿಕ್. ಜರ್ಮನಿಯ ಹೋನರ್ ಕಂಪನಿಯ ಕೊರೋನಾ ಮಾದರಿ ಇದರಲ್ಲಿ ಹೆಸರುವಾಸಿ. ಟೆಕ್ಸಸ್ ಮತ್ತು ಮೆಕ್ಸಿಕೊ ಗಡಿಯ ಕೊಂಹುಂತೊ ಸಂಗೀತದಲ್ಲಿ ಇದಿದೆ, ಕೊಲಂಬಿಯಾದ ವಾಯೆನಾತೊದಲ್ಲೂ ಇದಿದೆ. ಕೇಳಿದರೆ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಯಾಕೆ? ಟೆಕ್ಸಸ್‌ನಲ್ಲಿ 1930ರ ದಶಕದಲ್ಲಿ ನಾರ್ಸಿಸೊ ಮಾರ್ಟಿನೆಸ್, ಪಕ್ಕದಲ್ಲಿ ಬಾಹೊ ಸೆಕ್ಸ್‌ತೊ ಎಂಬ 12 ತಂತಿಯ ದಪ್ಪ ದನಿಯ ಗಿಟಾರ್ ಇದೆ ತಾನೆ, ಅಂತ ಎಡಗೈಯನ್ನು ಹೆಚ್ಚೂಕಮ್ಮಿ ಕೈಬಿಟ್ಟರು. ಬಲಗೈಗೆ ರೆಕ್ಕೆ ಬಂತು. ಚುರುಕು, ಕತ್ತರಿಸಿದಂಥ ಸ್ವರಗಳು. ಫ್ಲಾಕೊ ಹಿಮೆನೆಸ್ ಇದನ್ನು ಲೋಕಕ್ಕೆ ಕೇಳಿಸಿದವರು.

ವಾಯೆನಾತೊದಲ್ಲಿ ಪಕ್ಕದಲ್ಲಿರುವುದು ಕಾಹಾ ಎಂಬ ಚಿಕ್ಕ ಚರ್ಮವಾದ್ಯ, ಮತ್ತೆ ಗ್ವಾಚರಾಕಾ ಎಂಬ ಕೆರೆಯುವ ಕೋಲು. ಇವೆರಡರಲ್ಲೂ ಬೇಸ್ ಇಲ್ಲ. ಹಾಗಾಗಿ ಎಡಗೈ ಸುಮ್ಮನೆ ಕೂರುವಂತಿಲ್ಲ. ಆ 12 ಗುಂಡಿಗಳಲ್ಲೇ ತಾಳದ ಆಚೀಚೆ ಬೇಸ್ ಆಡಿಸುತ್ತಾರೆ, ಬಾಯಲ್ಲಿ ಹಾಡೂ ಇರುತ್ತದೆ. ವಾಯೆದುಪಾರ್ ಊರಿನಲ್ಲಿ 1968ರಿಂದ ಇದಕ್ಕೊಂದು ಹಬ್ಬ ನಡೆಯುತ್ತಿದೆ. ಪಾಸೆಯೊ, ಸೊನ್, ಮೆರೆಂಗೆ, ಪುಯಾ ಎಂಬ ನಾಲ್ಕು ಲಯಗಳಲ್ಲೂ ನುಡಿಸಿ ಗೆದ್ದವರಿಗೆ ರಾಜನ ಪಟ್ಟ. ಮೊದಲ ರಾಜ ಅಲೆಹೊ ದುರಾನ್. ಸೈತಾನನ ಜೊತೆ ಅಕಾರ್ಡಿಯನ್ ಜಿದ್ದಿಗೆ ಬಿದ್ದು ಗೆದ್ದ ಫ್ರಾನ್ಸಿಸ್ಕೊ ಎಂಬುವನ ಕಥೆಯೂ ಅಲ್ಲಿಯದೇ. 2015ರಲ್ಲಿ ಯುನೆಸ್ಕೊ ವಾಯೆನಾತೊವನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ "ಅದು ಮಾಡುವ ಕೆಲಸ ಏನು" ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು ಅಲ್ವಾ? ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಅದರ ಕೆಲಸ. ಮೇಳದಲ್ಲಿ ಏನು ಇಲ್ಲವೋ ಅದನ್ನು ಇದು ತುಂಬುತ್ತದೆ.

ಅಮೆರಿಕದ ಲೂಸಿಯಾನಾದಲ್ಲಿ ಇನ್ನೂ ಒಂದು ತಿರುವು ನೋಡಬಹುದು. ಅಲ್ಲಿ ಫ್ರೆಂಚ್ ಮಾತಾಡುವ ಕೇಜನ್ ಜನ ಕುಣಿಯುತ್ತಿದ್ದದ್ದು ಪಿಟೀಲಿಗೆ. ಒಂದೇ ಸಾಲಿನ, ಹತ್ತೇ ಗುಂಡಿಯ ಜರ್ಮನ್ ಪೆಟ್ಟಿಗೆ ಬಂತು. ಜೋರು ಅಂದರೆ ಜೋರು. ಆದರೆ ಅದರಲ್ಲಿ ಒಂದೇ ಮೇಳಕರ್ತದ ಏಳು ಸ್ವರ ಬಿಟ್ಟರೆ ಬೇರೆ ಸ್ವರವೇ ಇಲ್ಲ. ಪೆಟ್ಟಿಗೆಗೆ ಆಗದ ಮಟ್ಟುಗಳನ್ನು ಜನ ಬದಲಿಸಿಕೊಂಡರು, ಇಲ್ಲವೇ ಬಿಟ್ಟರು. ಪಿಟೀಲಿನವರೇ ಇದಕ್ಕೆ ಹೊಂದಿಕೊಳ್ಳಬೇಕಾಯಿತು. ಅಮೆದೆ ಆರ್ಡ್ವಾನ್ ಎಂಬ ಕಪ್ಪು ಕಲಾವಿದ ಆ ಹತ್ತು ಗುಂಡಿಯಲ್ಲೇ 1929ರಿಂದ 1934ರವರೆಗೆ ಮಾಡಿದ ರೆಕಾರ್ಡಿಂಗುಗಳು ಇವತ್ತಿಗೂ ಕೇಜನ್ ಸಂಗೀತ, ಅಲ್ಲಿನ ಕಪ್ಪು ಜನರ ಕುಣಿತದ ಸಂಗೀತವಾದ ಜೈಡಿಕೊ, ಎರಡಕ್ಕೂ ತಳಪಾಯ. ಮುಂದೆ ಕ್ಲಿಫ್ಟನ್ ಶೆನಿಯೆಗೆ ಬ್ಲೂಸ್ ಬೇಕಾಗಿತ್ತು. ಬ್ಲೂಸಿನ ಕೋಮಲ ಸ್ವರಗಳು ಹತ್ತು ಗುಂಡಿಯಲ್ಲಿ ಸಿಗುವುದಿಲ್ಲ. ಅವರು ಪಿಯಾನೊ ಅಕಾರ್ಡಿಯನ್ ಎತ್ತಿಕೊಂಡರು, ಎದೆಗೆ ಕಟ್ಟಿಕೊಂಡು ಕೆರೆಯುವ ತಗಡಿನ ವಾದ್ಯವನ್ನು ಅಣ್ಣ ಕ್ಲೀವ್ಲೆಂಡ್ ಕೈಯಲ್ಲಿಟ್ಟರು. ಜೈಡಿಕೊ ಅಂದರೆ ಇವತ್ತು ಎಲ್ಲರ ಕಿವಿಗೆ ಬರುವುದು ಆ ದನಿ.

ಬ್ರೆಜಿಲ್ಲಿನ ಈಶಾನ್ಯದ ಫೊಹೊ ಸಂಗೀತದಲ್ಲಿ ಲೂಯಿಜ್ ಗೊಂಜಾಗಾ ಮಾಡಿದ್ದೂ ಹೀಗೇ. ಅವರ ಅಪ್ಪ ಜನುವಾರಿಯೊ ಎಂಟು ಬೇಸಿನ ಪುಟ್ಟ ಪೆಟ್ಟಿಗೆಯವರು, ಅದರ ರಿಪೇರಿಯನ್ನೂ ಮಾಡುತ್ತಿದ್ದರು. ಮಗ 120 ಬೇಸಿನ ದೊಡ್ಡ ಪೆಟ್ಟಿಗೆ ಹೊತ್ತು, ಜಬುಂಬಾ ಡೋಲು ಮತ್ತು ತ್ರಿಕೋನದ ಜೊತೆ ದೇಶವೆಲ್ಲ ಹೆಸರು ಮಾಡಿದ. ಅವರ ಒಂದು ಹಾಡಿನಲ್ಲಿ ಊರಿಗೆ ಮರಳಿದ ಮಗನಿಗೆ ಊರವರು ಹೇಳುವುದೇನು ಗೊತ್ತಾ? ನೀನೆಷ್ಟೇ ಹೆಸರುವಾಸಿಯಾದರೂ ನಿನ್ನಪ್ಪನ ಮುಂದೆ ತಗ್ಗಿ ನಡೆ ಅಂತ.

ಐರ್ಲೆಂಡ್ ಬಗ್ಗೆ ಕೇಳಿದ್ದೀರಿ. ಅಲ್ಲಿ ಅರ್ಧ ಸ್ವರದ ಅಂತರದ ಎರಡು ಸಾಲು ಗುಂಡಿ, ಬಿ ಮತ್ತು ಸಿ. ಎಡಗೈ ನೆಪಕ್ಕಷ್ಟೇ. ಬಲಗೈಯ ಸಣ್ಣ ಸಣ್ಣ ಕುಣುಕುಗಳೇ ಅದರ ಜೀವ. ಶ್ಯಾರನ್ ಶ್ಯಾನನ್ ಅವರನ್ನು ಕೇಳಿ, ಅರ್ಥವಾಗುತ್ತದೆ. ಅಮೆರಿಕದ ಪೋಲ್ಕಾ ಇನ್ನೊಂದು ಲೋಕ, ಕ್ಲೀವ್ಲೆಂಡ್ ನಗರದ ಫ್ರಾಂಕಿ ಯಾಂಕೊವಿಕ್ ಅದರ ದೊಡ್ಡ ಹೆಸರು. ನನಗೆ ಅದರ ಹೆಚ್ಚು ಪರಿಚಯವಿಲ್ಲ, ಮುಂದೆ ಹೋಗುತ್ತೇನೆ. ಬಲ್ಗೇರಿಯಾದವರು ಮಾತ್ರ ಪಿಯಾನೊ ಅಕಾರ್ಡಿಯನ್ನಿನ ಮೇಲೆ 7, 11 ಮಾತ್ರೆಗಳ ಲಯವನ್ನು ನೀರು ಕುಡಿದ ಹಾಗೆ ನುಡಿಸುತ್ತಾರೆ. ಬೋರಿಸ್ ಕಾರ್ಲೊವ್ ಹೆಸರು ಬರೆದಿಟ್ಟುಕೊಳ್ಳಿ.

ಶಾಸ್ತ್ರೀಯ ಸಂಗೀತದವರು ಇದನ್ನು ಬಹಳ ಕಾಲ ಬಾಗಿಲ ಹೊರಗೇ ನಿಲ್ಲಿಸಿದ್ದರು. ಚೈಕೋವ್ಸ್ಕಿ 1883ರ ತನ್ನ ಎರಡನೇ ಆರ್ಕೆಸ್ಟ್ರಾ ಸೂಟಿನಲ್ಲಿ ನಾಲ್ಕು ಅಕಾರ್ಡಿಯನ್ ಬರೆದಿದ್ದುಂಟು, ಆದರೆ ಬೇಕಾದರೆ ಬಳಸಿ ಇಲ್ಲವಾದರೆ ಬಿಡಿ ಅನ್ನುವ ಹಾಗೆ. ತೊಂದರೆ ಇದ್ದದ್ದು ಎಡಗೈಯಲ್ಲಿ. ನೀವು ನೋಡಿರುವ ಪೆಟ್ಟಿಗೆಯ ಎಡಗಡೆಗೆ ಸ್ಟ್ರಾಡೆಲ್ಲಾ ಜೋಡಣೆ ಅಂತ ಹೆಸರು: 20 ಸಾಲು, ಸಾಲಿಗೆ 6 ಗುಂಡಿ. ಎರಡು ಬೇಸ್ ಸ್ವರ, ಆಮೇಲೆ ಮೇಜರ್, ಮೈನರ್, ಸೆವೆಂತ್, ಡಿಮಿನಿಶ್ಡ್ ಎಂಬ ನಾಲ್ಕು ಬಗೆಯ ಕಾರ್ಡ್. ಪಕ್ಕಪಕ್ಕದ ಸಾಲುಗಳು ಪಂಚಮದ ಅಂತರದಲ್ಲಿರುವುದರಿಂದ ಹಾಡಿಗೆ ಬೇಕಾದ ಮೂರು ಕಾರ್ಡ್ ಒಂದೇ ಕಡೆ ಸಿಗುತ್ತವೆ. ಶ್ರುತಿ ಬದಲಿಸಬೇಕೆಂದರೆ ಕೈ ಸ್ವಲ್ಪ ಸರಿಸಿದರೆ ಆಯಿತು, ಬೆರಳಿನ ಆಟ ಅದೇ. ಹಾಡಿನ ಜೊತೆಗೆ ಇದಕ್ಕಿಂತ ಜಾಣ ಜೋಡಣೆ ನಾನು ಕಂಡಿಲ್ಲ. ಆದರೆ ಬಾಖ್ ನುಡಿಸಲು ಹೋಗಿ, ಕೈ ಕಟ್ಟಿಹಾಕಿದ ಹಾಗೆ. ಎಡಗೈಗೂ ಬಿಡಿ ಸ್ವರ ಕೊಡುವ ಫ್ರೀ ಬೇಸ್ ಪೆಟ್ಟಿಗೆಗಳು ಬಂದ ಮೇಲೆ ಬಾಗಿಲು ತೆರೆಯಿತು. ರಷ್ಯಾದ ಬಯಾನ್ ಎಂಬ ಗುಂಡಿ ಅಕಾರ್ಡಿಯನ್ ಅದರಲ್ಲಿ ಮುಂದು. ಸಂಗೀತ ರಚನಕಾರ್ತಿ ಸೋಫಿಯಾ ಗುಬೈದುಲಿನಾ 1978ರಲ್ಲಿ ಬಯಾನ್ ಒಂದಕ್ಕೇ ಬರೆದ ಕೃತಿಯಲ್ಲಿ ಸ್ವರವೇ ಇಲ್ಲದೆ ತಿದಿಯ ಬರೀ ಉಸಿರು ಕೇಳಿಸುವ ಜಾಗಗಳಿವೆ. ಫ್ರೀಡ್ರಿಖ್ ಲಿಪ್ಸ್ ನುಡಿಸಿದ್ದು ಸಿಕ್ಕರೆ ಕತ್ತಲಲ್ಲಿ ಕೂತು ಕೇಳಿ. ಈ ವಾದ್ಯ ಉಸಿರಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಉಸಿರನ್ನೇ ಸಂಗೀತ ಮಾಡಿದವರು ಆಕೆ.

ಇದಕ್ಕೆ ಆಗದ ಕೆಲಸವನ್ನೂ ಹೇಳಬೇಕು. ರೀಡಿನ ಸ್ವರ ಗಟ್ಟಿಯಾಗಿ ಕೂತದ್ದು. ಕೀಯನ್ನು ಅರ್ಧ ಒತ್ತಿ ತಿದಿಗೆ ಬಲ ಕೊಟ್ಟರೆ ಚೂರು ಕೆಳಗೆ ಬಾಗುತ್ತದೆ, ಅಷ್ಟೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಬೇಕಾದ ಸಂಗೀತದಲ್ಲಿ ಇದು ಸೋಲುತ್ತದೆ.

ನಿಮ್ಮ ಪೆಟ್ಟಿಗೆಯ ವಿಷಯ. ಮ್ಯೂಸೆಟ್, ಫೊಹೊ, ಜೈಡಿಕೊ, ಬಾಲ್ಕನ್, ಜಾಜ್ ಮನಸ್ಸಿನಲ್ಲಿದ್ದರೆ 120 ಬೇಸಿನ ಪಿಯಾನೊ ಅಕಾರ್ಡಿಯನ್ ಒಳ್ಳೆಯ ಆಯ್ಕೆ. ಟ್ಯಾಂಗೊ ಬೇಕಿದ್ದರೆ ನನ್ನ ತಪ್ಪು ಮಾಡಬೇಡಿ. ವಾಯೆನಾತೊ, ಕೇಜನ್, ಐರಿಷ್ ಮಟ್ಟುಗಳ ಸ್ವರಗಳು ಇದರಲ್ಲೂ ಸಿಗುತ್ತವೆ, ಆ ಏಟು ಸಿಗುವುದಿಲ್ಲ. ಕೀಬೋರ್ಡ್ ಕೈ ಇರುವುದರಿಂದ ಬಲಗೈ ವಾರದಲ್ಲೇ ಪಳಗುತ್ತದೆ. ಎಡಗೈ ಕಣ್ಣಿಗೆ ಕಾಣುವುದಿಲ್ಲ, ಸಿ ಬೇಸ್ ಗುಂಡಿಯ ಮೇಲಿರುವ ಸಣ್ಣ ಗುಳಿ ಸವರಿ ಜಾಗ ಕಂಡುಕೊಳ್ಳಬೇಕು. ಕೀಬೋರ್ಡಿನವರಿಗೆ ತಡವಾಗಿ ಹೊಳೆಯುವುದು ಇನ್ನೊಂದಿದೆ: ಕೀ ಎಷ್ಟು ಜೋರಾಗಿ ಒತ್ತಿದರೂ ದನಿ ಜೋರಾಗುವುದಿಲ್ಲ. ಜೋರು, ಮೆದು ಎಲ್ಲ ಎಡತೋಳಿನದು. ಮೊದಲ ತಿಂಗಳು ಒಂದೇ ಸ್ವರ ಹಿಡಿದು ತಿದಿ ಆಡಿಸುವುದನ್ನೇ ಕಲಿಯಿರಿ. ಭಾರವನ್ನೂ ನೋಡಿಕೊಳ್ಳಿ, ಪೂರ್ತಿ ಅಳತೆಯ ಪೆಟ್ಟಿಗೆ 10 ಕಿಲೊ ದಾಟುತ್ತದೆ. ಬೆನ್ನುನೋವು ಇದ್ದರೆ 72 ಬೇಸಿನದು ಹುಡುಕಿ, ಸ್ವಲ್ಪವೇ ಕಳೆದುಕೊಳ್ಳುತ್ತೀರಿ.

ನೋಡಲು ಹೋದಾಗ ಮೊದಲು ಮೂಗು ಹತ್ತಿರ ಇಡಿ. ಮುಗ್ಗಲು ವಾಸನೆ ಬಂದರೆ ಒಳಗಿನ ಚರ್ಮಕ್ಕೆ ಬೂಷ್ಟು ಹಿಡಿದಿದೆ. ಆಮೇಲೆ ತಿದಿಯ ಪಟ್ಟಿ ಬಿಚ್ಚಿ, ಯಾವ ಗುಂಡಿಯನ್ನೂ ಒತ್ತದೆ ಒಂದು ಬದಿ ಹಿಡಿದು ಎತ್ತಿ. ಇನ್ನೊಂದು ಬದಿ ತನ್ನ ಭಾರಕ್ಕೆ ದಬಕ್ಕನೆ ಇಳಿದರೆ ಗಾಳಿ ಸೋರುತ್ತಿದೆ ಅಂತ. ಪ್ರತಿ ಕೀಯನ್ನೂ ಒತ್ತಿನಲ್ಲಿ ಒಮ್ಮೆ, ಎಳೆತದಲ್ಲಿ ಒಮ್ಮೆ ಕೇಳಿ. 41 ಕೀ, 82 ಸಲ. ಮಾರುವವರಿಗೆ ಬೇಸರವಾದರೆ ಆಗಲಿ. ಬಹಳ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ, ಕೆಟ್ಟ ರೀಡು ಯಾವಾಗಲೂ ಉಳಿದರ್ಧದಲ್ಲಿ ಇರುತ್ತದೆ. ಕೊಂಡ ಮೇಲೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ. ರೀಡುಗಳನ್ನು ಹಿಡಿದಿರುವುದು ಜೇನುಮೇಣ. ಅದು ಕರಗಿದರೆ 328 ನಾಲಿಗೆಗಳಲ್ಲಿ ಎಷ್ಟು ಉದುರಿವೆ ಅಂತ ಎಣಿಸುವ ಕೆಲಸ ನನ್ನಂಥವರ ಪಾಲಿಗೆ ಬರುತ್ತದೆ.